ಹಡಗಿನ ಊಟದ ಬಾಗಿಲಲ್ಲಿ ಪಂಚೆ

ಮೂವತ್ತು ವರ್ಷದಿಂದ ಅರಸೀಕೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನನಗೆ, ಯಾವ ಹೊತ್ತಿಗೆ ಯಾವ ಬಟ್ಟೆ ಹಾಕಿಕೊಳ್ಳಬೇಕೆಂಬುದು ಇಂದಿಗೂ ಗೊತ್ತಿಲ್ಲ. ಇದನ್ನು ಗಿರಾಕಿಗಳ ಮುಂದೆ ಹೇಳುವಂತಿಲ್ಲ, ನಿಮ್ಮ ಮುಂದೆ ಹೇಳಬಹುದು. ಮದುವೆಗೆ ಯಾವುದು, ನಾಮಕರಣಕ್ಕೆ ಯಾವುದು, ಬೀಗರ ಮನೆಗೆ ಯಾವುದು ಎಂದು ತಾಲ್ಲೂಕಿಗೆಲ್ಲ ಬುದ್ಧಿ ಹೇಳುವ ನಾನು, ಬೆಳಿಗ್ಗೆ ಹೆಂಡತಿ ಮಂಚದ ಮೇಲೆ ತೆಗೆದಿಟ್ಟದ್ದನ್ನು ತೊಟ್ಟು ಬರುವವನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತಂತೆ. ನಾನು ಬಿದ್ದದ್ದು ಬಚ್ಚಲಿಗಲ್ಲ, ಸಮುದ್ರದ ಮೇಲೆ.

ಹೋದ ವರ್ಷ ಪ್ಯಾಂಟಿನ ಬಟ್ಟೆ ತಯಾರಿಸುವ ಕಂಪನಿಯೊಂದು, ತನ್ನ ಮಾಲು ಚೆನ್ನಾಗಿ ಮಾರಿದ ಅಂಗಡಿಯವರಿಗೆಂದು ಹಡಗಿನ ಪ್ರವಾಸ ಏರ್ಪಡಿಸಿತ್ತು. ಮುಂಬೈಯಲ್ಲಿ ಹತ್ತಿ, ಗೋವಾ ಮುಟ್ಟಿ, ಮತ್ತೆ ಮುಂಬೈಗೆ ಬರುವ ಮೂರು ದಿನದ ಸವಾರಿ. ನಾಲ್ಕು ಜನಕ್ಕೆ ಅವಕಾಶವಿತ್ತು. ನಾನು, ನನ್ನ ಹೆಂಡತಿ ಶಾರದೆ, ಜೊತೆಗೆ ಜಾವಗಲ್ಲಿನಿಂದ ನನ್ನ ಅಕ್ಕ ಗಿರಿಜಕ್ಕ ಮತ್ತು ಭಾವ. ಭಾವ ತೆಂಗಿನ ತೋಟದವರು, ಹುಟ್ಟಿದಾರಭ್ಯ ಪ್ಯಾಂಟು ಹಾಕಿದವರಲ್ಲ. ಅವರ ಮಗಳ ಆರತಕ್ಷತೆಗೆ ನಾನೇ ಬಟ್ಟೆ ಹರಿದುಕೊಟ್ಟು ಸೂಟು ಹೊಲಿಸಿದ್ದೆ. ಅವರು ಕೋಟನ್ನು ಮಾತ್ರ ತೊಟ್ಟು, ಪ್ಯಾಂಟನ್ನು ಬೀರುವಿನಲ್ಲಿಟ್ಟು, ಪಂಚೆಯಲ್ಲೇ ವೇದಿಕೆ ಹತ್ತಿದರು. ಯಾಕೆ ಭಾವ ಎಂದು ಕೇಳಿದರೆ, "ನಾನೇನ್ ಕೊಬ್ರಿನೇನಪ್ಪಾ, ಚೀಲಕ್ಕೆ ತುಂಬಾಕೆ?" ಎಂದಿದ್ದರು.

ಅಕ್ಕ ಆ ಮನೆ ಸೇರಿ ನಲವತ್ತು ವರ್ಷವಾಯಿತು. ಅಲ್ಲಿ ಮೊದಲು ಗಂಡಸರ ಊಟ, ಆಮೇಲೆ ಮಕ್ಕಳದು, ಬಂದುಹೋಗುವವರದು, ತೋಟದಲ್ಲಿ ಕಾಯಿ ಸುಲಿಯಲು ಬಂದವರದು. ಎಲ್ಲರಿಗೂ ಬಡಿಸಿದ ಮೇಲೆ, ಅನ್ನ ಸಾರು ಆರಿದ ಹೊತ್ತಿಗೆ, ಅಡುಗೆಮನೆಯ ಮೂಲೆಯಲ್ಲಿ ಅವಳ ಊಟ. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಹಡಗಿನಲ್ಲಿ ಮೊದಲ ಮಧ್ಯಾಹ್ನ, ಅವರವರೇ ಬಡಿಸಿಕೊಂಡು ತಿನ್ನುವ ಕಡೆಯಲ್ಲೂ, ಅವಳು ಭಾವನ ತಟ್ಟೆ ತುಂಬಿಸಿಕೊಟ್ಟು ಅವರು ತಿಂದು ಏಳುವವರೆಗೆ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಹಡಗಿನ ಸಿಬ್ಬಂದಿಯೆಂದು ತಿಳಿದನೋ ಏನೋ, ಪರದೇಶದವನೊಬ್ಬ ಅವಳ ಹತ್ತಿರ ಚಮಚ ಕೇಳಿದ. ಅವಳು ಹುಡುಕಿ ತಂದುಕೊಟ್ಟಳು.

ಮರುದಿನ ನಮ್ಮ ಕೋಣೆಯ ಬಾಗಿಲ ಸಂದಿಯಲ್ಲಿ ಬಣ್ಣದ ಕಾಗದವೊಂದು ಬಂತು. ಸಂಜೆ ಏಳಕ್ಕೆ ದೊಡ್ಡ ಊಟದ ಮನೆಯಲ್ಲಿ ವಿಶೇಷ ಭೋಜನ. ಚಿತ್ರದಲ್ಲಿ ಗಂಡಹೆಂಡಿರು ಅಕ್ಕಪಕ್ಕ ಕೂತಿದ್ದರು, ಬಡಿಸುವವನು ಬಿಳಿ ಕೈಗವಸು ತೊಟ್ಟು ನಿಂತಿದ್ದ. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು.

"ಇಲ್ಲಿ ಬಡ್ಸೋರು ಬೇರೆ ಇರ್ತಾರೇನೋ ಮಂಜ?"

"ಇರ್ತಾರೆ ಅಕ್ಕ."

"ಹಂಗಾರೆ ನಾನೂ ಇವರ ಪಕ್ಕ ಕೂತ್ಕಂಡು ಒಂದ್ಸಲ ಉಣ್ತೀನಿ ಕಣೋ. ಮದ್ವೆ ದಿನ ಕೂತಿದ್ದೇ ಕೊನೆ."

ಅಕ್ಕ ನನ್ನನ್ನು ಏನನ್ನೂ ಕೇಳಿದವಳಲ್ಲ. ಗೋವಾ ಕಾಣಲಿ ಬಿಡಲಿ, ಇದೊಂದು ನಡೆದುಬಿಟ್ಟರೆ ಸಾಕು ಎನಿಸಿತು ನನಗೆ.

ಕಾಗದದ ಕೆಳಗೆ ಉಡುಪಿನ ನಿಯಮಗಳಿದ್ದವು. ಚಡ್ಡಿ ಕೂಡದು, ಮಲಗುವಾಗಿನ ಬಟ್ಟೆ ಕೂಡದು, ಹರಿದದ್ದು ಕೂಡದು, ಹವಾಯಿ ಚಪ್ಪಲಿ ಕೂಡದು, ಎಲ್ಲರೂ ಫಾರ್ಮಲ್ ಆಗಿ ಬರತಕ್ಕದ್ದು. ಫಾರ್ಮಲ್ ಅಂದರೆ ಧಾರೆಗೆ ಹೋಗುವ ಹಾಗೆ ಎಂದು ನಾನು ವ್ಯಾಪಾರಿಯ ಗತ್ತಿನಲ್ಲಿ ಅರ್ಥ ಹೇಳಿದೆ. ಭಾವ ಜರಿಯಂಚಿನ ರೇಷ್ಮೆ ಪಂಚೆ ಉಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಶಲ್ಯ ಹಾಕಿ, ಹಣೆಗೆ ವಿಭೂತಿ ಇಟ್ಟು ಸಿದ್ಧರಾದರು. ಅಕ್ಕ ಧರ್ಮಾವರಂ ಸೀರೆ ಉಟ್ಟಳು. ನಾನು ಕೋಟು ಹಾಕಿದೆ. ಹೊಸ ಬೂಟು ಹಿಮ್ಮಡಿ ಕಚ್ಚಿದ್ದರಿಂದ ಉದ್ದನೆಯ ಪ್ಯಾಂಟಿನ ಕೆಳಗೆ ಹವಾಯಿ ಚಪ್ಪಲಿಯೇ ಇತ್ತು. ಶಾರದೆ ಅದನ್ನು ನೋಡಿಯೂ ನೋಡದವಳಂತಿದ್ದಳು.

ಊಟದ ಮನೆಯ ಬಾಗಿಲಲ್ಲಿ ಕರಿ ಕೋಟಿನ, ನಡುವಯಸ್ಸಿನ ಮನುಷ್ಯನೊಬ್ಬ ನಿಂತಿದ್ದ. ನನ್ನನ್ನು ಒಳಗೆ ಬಿಟ್ಟ. ಭಾವನನ್ನು ಕಂಡು ಬಹಳ ವಿನಯದಿಂದ ಕೈ ಅಡ್ಡ ಇಟ್ಟ. "ಸಾರಿ ಸರ್, ಲುಂಗಿ ನಾಟ್ ಅಲೋಡ್."

ಲುಂಗಿ! ನನ್ನ ಮೂವತ್ತು ವರ್ಷದ ವ್ಯಾಪಾರಕ್ಕೆ ಅವಮಾನವಾಯಿತು. ಲುಂಗಿ ಮನೆಗೆ, ಪಂಚೆ ಸಭೆಗೆ. ಲುಂಗಿಗೆ ಚೌಕಳಿ, ಪಂಚೆಗೆ ಜರಿ. ಇದನ್ನುಟ್ಟೇ ನಮ್ಮ ಕಡೆ ಮದುಮಗ ಹಸೆಗೆ ಕೂರುತ್ತಾನೆ ಎಂದು ನನಗೆ ಬರುವ ಹಿಂದಿಯಲ್ಲಿ ಒಂದು ಉಪನ್ಯಾಸವನ್ನೇ ಕೊಟ್ಟೆ. ಅವನು ಗೌರವದಿಂದ ತಲೆಯಾಡಿಸುತ್ತ ಕೇಳಿದ, ಬಾಗಿಲು ಬಿಟ್ಟು ಮಾತ್ರ ಅಲುಗಲಿಲ್ಲ. ಅಷ್ಟರಲ್ಲಿ ಎರಡೂ ಮಂಡಿ ಹರಿದ ಜೀನ್ಸಿನ ಮಹಾಶಯನೊಬ್ಬ ಬಂದ. "ವೆಲ್ಕಮ್ ಸರ್" ಎಂದು ಅವನಿಗೆ ಬಾಗಿಲು ತೆರೆಯಿತು. ಹರಿದದ್ದು ಕೂಡದು ಎಂದಿದೆಯಲ್ಲಪ್ಪ ಎಂದೆ. ಅದು ಹರಿದದ್ದಲ್ಲ, ಕಂಪನಿಯೇ ಹಾಗೆ ಹೊಲಿದದ್ದು ಎಂಬ ಉತ್ತರ ಬಂತು. ನನ್ನ ಕಾಲಿನ ಹವಾಯಿ ಚಪ್ಪಲಿಯ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನನಗೆ ಹಳೇಬೀಡಿನ ಗೋಡೆಗಳು ನೆನಪಾದವು. ಅಲ್ಲಿನ ಶಿಲ್ಪಿಗಳು ದೇವರಿಗಾಗಲಿ ದೊರೆಗಾಗಲಿ ಒಂದು ಗುಂಡಿಯ ಅಂಗಿಯನ್ನೂ ತೊಡಿಸಿಲ್ಲ. ಬೇಲೂರಿನ ಮದನಿಕೆಯರು ಕಿವಿ, ಕೊರಳು, ತೋಳು, ಸೊಂಟದ ತುಂಬ ಆಭರಣ ಹೇರಿಕೊಂಡಿದ್ದಾರೆ, ಬಟ್ಟೆಯ ವಿಷಯದಲ್ಲಿ ಮಾತ್ರ ಕೈ ಬಿಗಿ. ಅವರೇನಾದರೂ ಈ ಹಡಗಿಗೆ ಬಂದರೆ ಒಬ್ಬರೂ ಒಳಗೆ ಹೋಗಲಾರರು. ನಮ್ಮಲ್ಲಿ ಮರ್ಯಾದೆಯೆಂದರೆ ಕಳಚುವುದು: ಚಪ್ಪಲಿ ಕಳಚು, ಅಂಗಿ ಕಳಚು, ಆಮೇಲೆ ದೇವರ ಮುಂದೆ ನಿಲ್ಲು. ಇವರಲ್ಲಿ ಮರ್ಯಾದೆಯೆಂದರೆ ಒಂದರ ಮೇಲೊಂದು ಹಾಕಿಕೊಳ್ಳುವುದು. ಎರಡಕ್ಕೂ ಬಾಗಿಲಲ್ಲೊಬ್ಬ ಕಾವಲಿನವನು ಬೇಕು.

ಆ ಕಾವಲಿನವನ ಮೇಲೆ ನನಗೆ ಕೋಪ ನಿಲ್ಲದಿರಲು ಕಾರಣವಿದೆ. ನಮ್ಮ ಮನೆದೇವರ ಗುಡಿಯ ಸಂತರ್ಪಣೆಯಲ್ಲಿ ಮೊದಲ ಪಂಕ್ತಿಗೆ ಪಂಚೆ ಉಟ್ಟು, ಅಂಗಿ ತೆಗೆದು ಕೂರಬೇಕೆಂಬ ಪದ್ಧತಿ. ಬಾಗಿಲು ಕಾಯುವ ಕೆಲಸ ಬಹಳ ವರ್ಷ ನನ್ನದೇ ಆಗಿತ್ತು. ಒಂದು ಸಲ ಬಸ್ಸಿಳಿದು ನೇರ ಬಂದ ಡ್ರೈವರೊಬ್ಬನನ್ನು ಖಾಕಿ ಪ್ಯಾಂಟಿನಲ್ಲಿದ್ದಾನೆಂದು ಹಿಂದಕ್ಕೆ ಕಳಿಸಿದೆ. ಅವನ ಹಿಂದೆಯೇ ಬಂದ ಸಾಹೇಬರೊಬ್ಬರಿಗೆ ಪ್ಯಾಂಟಿನ ಮೇಲೆ ಒಂದು ಟವೆಲು ಸುತ್ತಿ, "ಇದು ನಡೆಯುತ್ತೆ ಬನ್ನಿ ಸಾರ್" ಎಂದು ಎಲೆಯ ಮುಂದೆ ಕೂರಿಸಿದೆ. ಡ್ರೈವರು ಹೊರಗಿನ ಜಗಲಿಯ ಮೇಲೆ ಕೂತು ಎರಡನೇ ಪಂಕ್ತಿಗೆ ಕಾದ. ಟವೆಲು ನನ್ನ ಹೆಗಲ ಮೇಲೆಯೇ ಇತ್ತು, ಅವನಿಗೂ ಸುತ್ತಬಹುದಿತ್ತು. ಅದು ಹೊಳೆದದ್ದು ಅವತ್ತು, ಅರಬ್ಬೀ ಸಮುದ್ರದ ಮೇಲೆ.

ನಾನು ಹೀಗೆ ನಿಂತಿರುವಾಗ ಅಕ್ಕ ಭಾವನ ಶಲ್ಯ ಸರಿಮಾಡಿ, "ನೀವಿಬ್ರೂ ಹೋಗಿ ಉಂಡ್ಕಂಡು ಬನ್ನಿ ಕಣೋ. ನಾವು ಆಮೇಲೆ ಏನಾರ ತಿಂತೀವಿ" ಎಂದಳು. ಮಾತಿನಲ್ಲಿ ದುಃಖವೇನೂ ಇರಲಿಲ್ಲ, ದಿನಾ ಆಡುವ ಮಾತು. ಆದರೆ ಭಾವ ಅವಳ ಮುಖ ನೋಡಿದರು. ಈ ‘ಆಮೇಲೆ’ಯನ್ನು ಅವರು ನಲವತ್ತು ವರ್ಷ ಊಟದ ಮಣೆಯ ಮೇಲೆ ಕೂತು ಕೇಳಿದವರು, ಬಾಗಿಲ ಹೊರಗೆ ನಿಂತು ಕೇಳಿದ್ದು ಅವತ್ತೇ ಮೊದಲು.

"ಮಂಜಪ್ಪ, ನಿನ್ನತ್ರ ಇನ್ನೊಂದ್ ಪ್ಯಾಂಟ್ ಐತೇನಪ್ಪಾ?"

"ಭಾವ, ನೀವು..."

"ಐತೋ ಇಲ್ವೋ ಅಷ್ಟ್ ಹೇಳು."

ಕೋಣೆಗೆ ವಾಪಸು ಬಂದು ನೋಡಿದರೆ, ನನ್ನ ಪ್ಯಾಂಟುಗಳಲ್ಲಿ ಒಂದೂ ಅವರ ಸೊಂಟಕ್ಕೆ ಏರಲಿಲ್ಲ. ಕೊನೆಗೆ ಏರಿದ್ದು ನಾನು ರಾತ್ರಿ ಹಾಕಿಕೊಂಡು ಮಲಗುವ, ಎಲಾಸ್ಟಿಕ್ಕು, ಲಾಡಿ ಎರಡೂ ಇರುವ ಕಪ್ಪು ಪ್ಯಾಂಟು. ಮೊದಲ ಸಲ ಎರಡೂ ಪಾದಗಳನ್ನು ಒಂದೇ ಕಾಲಿಗೆ ತೂರಿಸಿದರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎರಡನೇ ಸಲ ಸರಿಹೋಯಿತು. "ಇದ್ರಲ್ಲಿ ಹೆಂಗ್ರಪ್ಪಾ ಓಡಾಡ್ತೀರಾ?" ಎಂದು ಗೊಣಗುತ್ತ, ರೇಷ್ಮೆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಮೇಲಿಟ್ಟು, ಭಾವ ಹೊರಟರು.

ಬಾಗಿಲಿನವನು ಭಾವನನ್ನು ಮೇಲಿನಿಂದ ಕೆಳಗೆ ನೋಡಿದ. ಸೊಂಟದಲ್ಲಿ ಲಾಡಿಯ ತುದಿ ಅಂಗಿಯ ಕೆಳಗೆ ಜೋಲುತ್ತಿತ್ತು. ಅದು ಮಲಗುವ ಬಟ್ಟೆಯೆಂದು ಅವನಿಗೆ ತಿಳಿಯಿತೆಂಬುದರಲ್ಲಿ ನನಗೆ ಸಂಶಯವೇ ಇಲ್ಲ. ಲಾಡಿ ನೋಡಿದ, ಅಕ್ಕನ ಮುಖ ನೋಡಿದ, ಬಾಗಿಲು ತೆರೆದು "ವೆಲ್ಕಮ್ ಮೇಡಮ್" ಎಂದ.

ನಿಯಮವನ್ನು ಒಬ್ಬರಿಗೊಂದು ಥರ ನಡೆಸುತ್ತಾರೆಂದು ನಾನು ಲೋಕವನ್ನು ಬಹಳ ಬೈದಿದ್ದೇನೆ. ಅವತ್ತು ನಿಯಮ ಹಾಗೆ ಓರೆಯಾದದ್ದರಿಂದಲೇ ಅಕ್ಕ ಒಳಗೆ ಹೋದಳು. ಯಾರಿಗೂ ರಿಯಾಯಿತಿಯಿಲ್ಲದೆ, ಒಂದು ದಿನವೂ ತಪ್ಪದೆ ನಡೆದ ನಿಯಮವನ್ನು ನಾನು ನೋಡಿರುವುದು ಒಂದೇ, ಜಾವಗಲ್ಲಿನ ಆ ಅಡುಗೆಮನೆಯದು. ಅದಕ್ಕೆ ಬೋರ್ಡಿರಲಿಲ್ಲ, ಕಾವಲಿನವನಿರಲಿಲ್ಲ. ನಾನೂ ಅಲ್ಲಿ ಎಷ್ಟೋ ಸಲ ಹೊಟ್ಟೆ ತುಂಬ ಉಂಡು, "ಅಕ್ಕ, ನಿಂದು ಊಟ?" ಎಂದು ಕೇಳದೆ ಕೈ ತೊಳೆದವನು. ನಾಚಿಕೆಯಾಯಿತು.

ಬಿಳಿ ಕೈಗವಸಿನವನು ಮೊದಲು ಹೆಂಗಸರ ಮುಂದೆ ಸೂಪಿನ ಬಟ್ಟಲಿಟ್ಟ. ಅಕ್ಕ ಕೈಯನ್ನು ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು.

"ನೀವು ಶುರು ಮಾಡಿ" ಎಂದಳು ಭಾವನಿಗೆ.

"ನಂದಿನ್ನೂ ಬಂದಿಲ್ವಲ್ಲೇ. ನೀನು ಉಣ್ಣು" ಎಂದರು ಭಾವ, ಮೆಲ್ಲಗೆ.

ಅವಳು ಚಮಚ ಎತ್ತಿ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ಶಾರದೆಗೆ ಅದು ಸೇರಲಿಲ್ಲ. ಉಪ್ಪಿಲ್ಲ, ಖಾರವಿಲ್ಲ ಎಂದು ಬಟ್ಟಲು ಪಕ್ಕಕ್ಕೆ ಸರಿಸಿದಳು. ಅಕ್ಕನಿಗೂ ಸೇರಿರಲಾರದೆಂದು, "ಹೆಂಗಿದೆ ಅಕ್ಕ?" ಎಂದು ಕೇಳಿದೆ.

"ಬಿಸಿಯಾಗೈತೆ ಕಣೋ" ಎಂದಳು.