‘ಸರಪಳಿ’ಯನ್ನು ನಾನು ಗುಂಪಿನಿಂದ ತೆಗೆದದ್ದು

ಅದು 2020ನೇ ಇಸವಿ. ಮೊದಲ ಲಾಕ್‌ಡೌನ್ ಸಡಿಲವಾಗಿ ರಾಣೆಬೆನ್ನೂರಿನಲ್ಲಿ ನಮ್ಮ ಬೀಜದ ಅಂಗಡಿ ಮಧ್ಯಾಹ್ನದವರೆಗೆ ಮಾತ್ರ ತೆರೆದಿರುತ್ತಿತ್ತು. ಅಣ್ಣ ಮಹೇಶ ಮತ್ತು ನಾನು ಸೇರಿ ನಡೆಸುವ ಅಂಗಡಿ ಅದು. ಬಾಗಿಲು ಹಾಕಿದ ಮೇಲೆ ನನಗೆ ಮಾಡಲು ಕೆಲಸವಿರುತ್ತಿರಲಿಲ್ಲ. ಬಿಲ್ ಹಾಕುವ ಕಂಪ್ಯೂಟರಿನಲ್ಲಿ ಕಾಲೇಜಿನ ದಿನಗಳ ಒಂದು ಹಳೆಯ ಆಟವನ್ನು ಮತ್ತೆ ಹಾಕಿಕೊಂಡೆ. ಊರು ಕಟ್ಟುವುದು, ಸೈನ್ಯ ಕಟ್ಟುವುದು, ಪಕ್ಕದ ಊರನ್ನು ಗೆಲ್ಲುವುದು ಆ ಆಟದ ರೀತಿ.

ಆ ಆಟವನ್ನು ಆಡುವುದಷ್ಟೇ ಅಲ್ಲ, ಅದರೊಳಗೆ ನಾವೇ ಹೊಸ ಸನ್ನಿವೇಶಗಳನ್ನೂ ಕಟ್ಟಬಹುದು. ಬೆಟ್ಟ ಎಲ್ಲಿ, ಹೊಳೆ ಎಲ್ಲಿ, ಸೇತುವೆ ದಾಟಿದ ಕೂಡಲೇ ಏನಾಗಬೇಕು, ಯಾರು ಏನು ಮಾತಾಡಬೇಕು, ಎಲ್ಲವನ್ನೂ ಕಟ್ಟುವವರೇ ತೀರ್ಮಾನಿಸುತ್ತಾರೆ. ನಾವು ಅದಕ್ಕೆ ಸುಮ್ಮನೆ ‘ಮ್ಯಾಪ್’ ಎನ್ನುತ್ತೇವೆ. ನನಗೆ ಆಡುವುದಕ್ಕಿಂತ ಮ್ಯಾಪ್ ಕಟ್ಟುವುದೇ ಹೆಚ್ಚು ಹಿಡಿಸಿತು. ನನ್ನಂಥವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಇಂಟರ್‌ನೆಟ್‌ನಲ್ಲಿ ಹುಡುಕಿದೆ. ಇದ್ದರು, ಆದರೆ ಎಲ್ಲರೂ ಇಂಗ್ಲಿಷಿನಲ್ಲಿ ಬರೆಯುವವರು. ಹೀಗಾಗಿ ಕನ್ನಡದಲ್ಲಿ ಮಾತಾಡಿಕೊಳ್ಳಲು ನಾನೇ ಒಂದು ಗುಂಪು ತೆರೆದೆ.

ಮೊದಲ ತಿಂಗಳು ಇದ್ದವರು ನಾಲ್ಕೇ ಜನ. ಹಾವೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಇಮ್ರಾನ್ ಐದನೆಯವನಾಗಿ ಬಂದ. ಆಮೇಲೆ ಬೆಳಗಾವಿ, ಮೈಸೂರು, ದುಬೈ ಹೀಗೆ ಎಲ್ಲೆಲ್ಲಿಂದಲೋ ಬಂದು ಮೂರನೆಯ ವರ್ಷಕ್ಕೆ ನೂರಕ್ಕಿಂತ ಹೆಚ್ಚು ಜನರಾದರು. ನನ್ನ ಹೆಸರು ವಿಜಯಲಕ್ಷ್ಮಿ ಎಂದು ಬಹಳ ದಿನ ಯಾರಿಗೂ ಗೊತ್ತಿರಲಿಲ್ಲ. ‘ಅಡ್ಮಿನ್ ಸರ್’ ಎನ್ನುತ್ತಿದ್ದರು. ಪ್ರತಿ ಭಾನುವಾರ ಎಲ್ಲರೂ ಸೇರಿ ಫೋನಿನಲ್ಲಿ ಮಾತಾಡುವುದನ್ನು ಶುರುಮಾಡಿದಾಗ, ನನ್ನ ದನಿ ಕೇಳಿ ನಾನು ಹೆಂಗಸು ಎಂದು ಎಲ್ಲರಿಗೂ ಗೊತ್ತಾಯಿತು. ಅಂದಿನಿಂದ ನಾನು ಸ್ವಲ್ಪ ಬಿಗಿಯಾದೆ. ಹೆಂಗಸು ನಡೆಸುವ ಗುಂಪು ಸಡಿಲ ಎಂದು ಯಾರೂ ಅನ್ನಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು. ನಿಯಮಗಳನ್ನು ಬರೆದು ಹಾಕಿದೆ. ಬೇರೆಯವರ ಮ್ಯಾಪನ್ನು ತನ್ನದೆಂದು ಹಾಕಿದವರನ್ನು ತಕ್ಷಣ ತೆಗೆಯಲಾಗುವುದು ಎಂಬುದು ಅದರಲ್ಲಿ ಮೊದಲನೆಯದು.

‘ಸರಪಳಿ’ ಎಂಬ ಹೆಸರಿನ ಒಬ್ಬ ಸದಸ್ಯರಿದ್ದರು. ಯಾರು, ಯಾವ ಊರು ಎಂದು ನಾವು ಕೇಳುತ್ತಿರಲಿಲ್ಲ, ಅವರೂ ಹೇಳಿರಲಿಲ್ಲ. ಭಾನುವಾರದ ಮಾತುಕತೆಗೆ ಒಮ್ಮೆಯೂ ಬಂದವರಲ್ಲ. ವಾರಕ್ಕೊಮ್ಮೆ ಒಂದೆರಡು ಸಾಲು ಬರೆಯುತ್ತಿದ್ದರು, ಅದೂ ಬೇರೆಯವರ ಮ್ಯಾಪಿನಲ್ಲಿ ಹೊಳೆ ಏರಿನ ಕಡೆ ಹರಿಯುತ್ತಿದೆ, ಹಾದಿ ಗುಡ್ಡದೊಳಗೆ ಹೊಕ್ಕಿದೆ ಎಂಬಂಥ ತಪ್ಪುಗಳನ್ನು ತೋರಿಸಲು.

ಮೂರನೆಯ ವರ್ಷದ ಜನವರಿಯಲ್ಲಿ ಒಂದು ಸ್ಪರ್ಧೆ ಇಟ್ಟೆ. ‘ಹೊಳೆ’ ಎಂಬುದೇ ವಿಷಯ. ಎಲ್ಲರೂ ದೋಣಿ ಯುದ್ಧ, ಸೇತುವೆ ಯುದ್ಧ ಕಟ್ಟಿದರು. ಸರಪಳಿಯವರ ಮ್ಯಾಪಿನಲ್ಲಿ ಯುದ್ಧವೇ ಇರಲಿಲ್ಲ. ಹೊಳೆದಂಡೆಯ ಒಂದು ಊರು, ನೀರು ಏರುತ್ತಿದೆ, ಊರಿನ ಜನರನ್ನೆಲ್ಲ ಎತ್ತರದ ಜಾಗಕ್ಕೆ ಮುಟ್ಟಿಸಬೇಕು, ಅಷ್ಟೇ. ಹೊಳೆಯಿಂದ ಮೇಲೆ ಹೋಗುವ ಓಣಿ ಕಾರಣವಿಲ್ಲದೆ ಎರಡು ಕಡೆ ತಿರುಗುತ್ತಿತ್ತು. ಗುಡಿಯ ಬಾವಿ ಮುಂದಿಲ್ಲದೆ ಹಿಂದಿತ್ತು. ಒಂದು ಮನೆಯ ಮುದುಕಿಯಂತೂ ನಾವು ಮೌಸ್ ಒತ್ತಿ ಕರೆದರೆ ಕದಲುತ್ತಿರಲಿಲ್ಲ, ಮೂರನೆಯ ಸಲ ಒತ್ತಿದಾಗ ಮಾತ್ರ ಹೊರಬರುತ್ತಿದ್ದಳು. ಅದೊಂದು ದೋಷ ಎಂದು ಇಮ್ರಾನ್ ಬರೆದ. ಸರಪಳಿ ಉತ್ತರ ಕೊಡಲಿಲ್ಲ. ಆದರೂ ಬಂದವುಗಳಲ್ಲಿ ಅದೇ ಚೆನ್ನಾಗಿತ್ತು. ಅದನ್ನೇ ಮೊದಲನೆಯದು ಎಂದು ಆರಿಸಿದೆ.

ಮರುದಿನ ಇಮ್ರಾನ್ ಫೋನ್ ಮಾಡಿದ.

“ವಿಜಿ ಅಕ್ಕಾ, ಆ ಮ್ಯಾಪ್ ಕಳವು ಮಾಡಿದ್ದೈತಿ. ಹೊರದೇಶದವರ ಹಳೇ ಸೈಟ್ ಒಂದೈತೆಲಾ, ಅದರಾಗ ನಾಕು ವರ್ಷದ ಹಿಂದ ಯಾರೋ ಹಾಕ್ಯಾರ. ಲಿಂಕ್ ಕಳಿಸೀನಿ, ನೀವಾ ನೋಡ್ರಿ.”

ನೋಡಿದೆ. ಅದೇ ಊರು, ಅದೇ ಬಾವಿ, ಅದೇ ಓಣಿ. ಹಾಕಿದವರ ಹೆಸರು ಮಾತ್ರ ಬೇರೆ, ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ ಯಾರೂ ಒಂದು ಸಾಲೂ ಬರೆದಿರಲಿಲ್ಲ.

ನಾನು ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ಲಿಂಕನ್ನು ಎಲ್ಲರೂ ನೋಡುವಂತೆ ಗುಂಪಿನಲ್ಲೇ ಹಾಕಿ, ‘ಇದಕ್ಕೆ ಏನು ಹೇಳುತ್ತೀರಿ?’ ಎಂದು ಸರಪಳಿಯವರನ್ನು ಕೇಳಿದೆ. ಅವರು ಸಂಜೆ ಒಂದೇ ಸಾಲು ಬರೆದರು: ‘ಅದೂ ನನ್ನದೇ.’ ಹಾಗಿದ್ದರೆ ಆ ಸೈಟಿನ ಅದೇ ಹೆಸರಿನಿಂದ ಒಂದು ಸಂದೇಶ ಕಳಿಸಿ ಎಂದೆ. ‘ಆ ಖಾತೆ ಈಗ ತೆರೆಯುವುದಿಲ್ಲ’ ಎಂದರು. ಭಾನುವಾರ ನಾಲ್ಕು ಗಂಟೆಗೆ ಫೋನಿನಲ್ಲಿ ಬಂದು ಎಲ್ಲರೆದುರು ವಿವರಿಸಿ ಎಂದೆ. ‘ಫೋನಿನಲ್ಲಿ ಮಾತಾಡಲು ಆಗುವುದಿಲ್ಲ’ ಎಂದು ಬರೆದರು. ಯಾಕೆ ಎಂದು ನಾನು ಕೇಳಲಿಲ್ಲ.

ಭಾನುವಾರ ನಾಲ್ಕೂಕಾಲು ಗಂಟೆಯವರೆಗೆ ಕಾದೆವು. “ಖರೇ ಇದ್ದಾಂವ ಮಾತಾಡಾಕ ಯಾಕ ಅಂಜ್ತಾನ್ರಿ?” ಎಂದು ಬೆಳಗಾವಿಯ ಒಬ್ಬರು ಕೇಳಿದರು. ಎಲ್ಲರಿಗೂ ಹಾಗೇ ಅನಿಸಿತು. ನಾನು ಗುಂಡಿ ಒತ್ತಿ ಅವರನ್ನು ತೆಗೆದುಹಾಕಿದೆ. ‘ಒಳ್ಳೆ ನಿರ್ಧಾರ’ ಎಂದು ಸಾಲು ಸಾಲಾಗಿ ಸಂದೇಶಗಳು ಬಂದವು. ಒಂದು ಗುಂಪನ್ನು ಹೇಗೆ ನಡೆಸಬೇಕೆಂದು ನನಗೆ ಗೊತ್ತಿದೆ ಎಂಬ ಹೆಮ್ಮೆಯಲ್ಲಿ ಆ ದಿನ ಖುಷಿಯಾಗಿಯೇ ಇದ್ದೆ.

ಇದಾಗಿ ಆರು ತಿಂಗಳಾಗಿತ್ತು. ಜುಲೈ ತಿಂಗಳಲ್ಲಿ ಐರಣಿಯ ರೈತ ಹನುಮಂತಪ್ಪನವರು ಅಂಗಡಿಗೆ ಬಂದು, ನಮ್ಮಲ್ಲಿಂದ ಒಯ್ದ ಗೋವಿನಜೋಳದ ಬೀಜ ಅರ್ಧ ಹೊಲದಲ್ಲಿ ಮೊಳಕೆಯೇ ಬಂದಿಲ್ಲ ಎಂದರು. ಇಂಥ ದೂರು ಬಂದಾಗ ಹೊಲಕ್ಕೆ ಹೋಗಿ ನೋಡುವುದು ನಮ್ಮ ಪದ್ಧತಿ. ಯಾವಾಗಲೂ ಅಣ್ಣ ಹೋಗುತ್ತಿದ್ದ, ಅವತ್ತು ಅವನಿಗೆ ಜ್ವರವಿತ್ತು. ನಾನೇ ಸ್ಕೂಟಿ ತೆಗೆದುಕೊಂಡು ಹೋದೆ. ರಾಣೆಬೆನ್ನೂರಿನಲ್ಲೇ ಹುಟ್ಟಿದರೂ ನಾನು ಐರಣಿಗೆ ಹೋದದ್ದು ಅದೇ ಮೊದಲು.

ಹೊಲದ ತಗ್ಗಿನ ಭಾಗದಲ್ಲಿ ನೀರು ನಿಂತು ಬೀಜ ಕೊಳೆತಿತ್ತು. ಅದನ್ನು ಹನುಮಂತಪ್ಪನವರೂ ಒಪ್ಪಿದರು. ಹೇಗೂ ಬಂದಿದ್ದೀರಿ, ಮನೆಗೆ ಬಂದು ಚಹಾ ಕುಡಿದು ಹೋಗಿ ಎಂದು ಕರೆದುಕೊಂಡು ಹೊರಟರು. ಹೊಳೆಯ ಕಡೆಯಿಂದ ಊರೊಳಗೆ ಏರುವ ಓಣಿಯಲ್ಲಿ ನಡೆಯುತ್ತಿದ್ದೆವು. ಓಣಿ ಎಡಕ್ಕೆ ತಿರುಗಿತು. ಹತ್ತು ಹೆಜ್ಜೆಗೆ ಮತ್ತೆ ಬಲಕ್ಕೆ ತಿರುಗಿತು. ಎದುರಿಗೆ ಒಂದು ಸಣ್ಣ ಗುಡಿ ಕಂಡಿತು. ನಾನು ಅಲ್ಲೇ ನಿಂತೆ.

“ಯಜಮಾನರ, ಈ ಗುಡಿ ಹಿಂದ ಬಾವಿ ಐತೇನ್ರಿ?” ಎಂದು ಕೇಳಿದೆ.

“ಐತೆಲಾ. ಈಗ ಮುಚ್ಚ್ಯಾರ. ಯಾಕ್ ತಂಗಿ, ಮೊದಲ ಬಂದಿದ್ಯೇನು ಈ ಕಡೆ?”

ಇಲ್ಲ ಎಂದೆ. ಹಿಂದಕ್ಕೆ ಹೋಗಿ ನೋಡಿದೆ. ಕಲ್ಲು ಹಾಸಿ ಮುಚ್ಚಿದ ಬಾವಿಯ ಗುರುತು ಸರಿಯಾಗಿ ಆ ಮ್ಯಾಪಿನಲ್ಲಿದ್ದ ಜಾಗದಲ್ಲೇ ಇತ್ತು. ಹನುಮಂತಪ್ಪನವರ ಮನೆಯಲ್ಲಿ ಚಹಾ ಕುಡಿಯುತ್ತ, ಈ ಊರಿಗೆ ಯಾವಾಗಲಾದರೂ ಹೊಳೆಯ ನೀರು ನುಗ್ಗಿತ್ತೇ ಎಂದು ಕೇಳಿದೆ.

“ನಾ ಸಣ್ಣಾಂವಿದ್ದಾಗ ಬಂದಿತ್ತು. ಮಂದಿ ಎಲ್ಲಾ ಮ್ಯಾಲಕ ಓಡಿದ್ರು. ಗಂಗವ್ವಜ್ಜಿ ಅಂತ ಒಬ್ಬಾಕಿ ಇದ್ಲು, ಆಕಿ ಮಾತ್ರ ಬಾಗಲಾ ಹಾಕ್ಕೊಂಡು ಒಳಗ ಕುಂತಬಿಟ್ಟಿದ್ಲು. ಎರಡು ಸಲ ಹೋಗಿ ಕರದ್ರೂ ಬರಲಿಲ್ಲ. ಮೂರನೇ ಸಲ ಹೋದಾಗ ಬಂದ್ಲು ನೋಡವ್ವಾ” ಎಂದು ಅವರು ನಕ್ಕರು.

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. “ಕರೆಯಾಕ ಹೋದವರು ಯಾರ್ರಿ?” ಎಂದೆ.

“ನಮ್ಮ ನಿಂಗಪ್ಪನ ಅಪ್ಪ. ನಿಂಗಪ್ಪ ಸರ್ವೇ ಆಫೀಸಿನ್ಯಾಗ ನೌಕರಿ ಮಾಡಿದಾಂವ. ಜೀವಮಾನ ಎಲ್ಲಾ ಸರಪಳಿ ಹಿಡದು ಮಂದಿ ಹೊಲಾ ಅಳದಾನ. ಈಗ ರಿಟೈರ್ಡ್ ಆಗಿ ಬ್ಯಾಡಗ್ಯಾಗ ಮಗಳ ಮನ್ಯಾಗ ಅದಾನ.”

ಆ ಊರಿನವರಿಗಲ್ಲದೆ ಬೇರೆ ಯಾರಿಗೂ ಆ ಮ್ಯಾಪನ್ನು ಕಟ್ಟಲು ಸಾಧ್ಯವಿರಲಿಲ್ಲ. ಹೊಲ ಅಳೆಯುವ ಸರಪಳಿಯಿಂದಲೇ ಆ ಹೆಸರು ಬಂದದ್ದು ಎಂದೂ ಹೊಳೆಯಿತು. ಎರಡೂ ಕಡೆ ಹಾಕಿದವರು ಒಬ್ಬರೇ. ಬ್ಯಾಡಗಿಯ ವಿಳಾಸವನ್ನು ಹನುಮಂತಪ್ಪನವರಿಂದ ಬರೆದುಕೊಂಡು ಬಂದೆ. ಇಮ್ರಾನನಿಗೆ ಫೋನ್ ಮಾಡಿ ಹೇಳಿದೆ. “ಮೆಸೇಜ್ ಹಾಕಿದ್ರ ಸಾಕಾಗತೈತೇನೋ ಅಕ್ಕಾ” ಎಂದ. ಸಾಕಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಶನಿವಾರ ಬಸ್ ಹತ್ತಿದೆ. ಕದರಮಂಡಲಗಿಯಲ್ಲಿ ಆಂಜನೇಯನ ದರ್ಶನಕ್ಕೆ ಬಂದವರು ಇಳಿಯುವವರೆಗೂ ನಿಂತೇ ಹೋದೆ. ಮನಸ್ಸಿನಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಇಮ್ರಾನ್ ಹಾವೇರಿಯಿಂದ ಬೈಕಿನಲ್ಲಿ ಬಂದು ಬ್ಯಾಡಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಮೂರು ವರ್ಷ ದಿನವೂ ಮಾತಾಡಿದ್ದರೂ ನಾವಿಬ್ಬರು ಮುಖ ನೋಡಿದ್ದು ಅಂದೇ ಮೊದಲು. ನಗಲೂ ತೋಚಲಿಲ್ಲ.

ಬಾಗಿಲು ತೆರೆದವರು ಅವರ ಮಗಳು ಶಾಂತಾ. ನಿಂಗಪ್ಪನವರನ್ನು ಕಾಣಬೇಕು ಎಂದೆವು.

“ಒಳಗ ಬರ್ರಿ, ಕುಂದ್ರಿ. ಆದ್ರ ಅಪ್ಪಾಗ ಕಿವಿ ಕೇಳ್ಸಂಗಿಲ್ರಿ. ಹನ್ನೆರಡು ವರ್ಷಾತು. ಮಷಿನ್ ಹಾಕ್ಕೊಂಡ್ರೂ ಬರೇ ಗದ್ದಲ ಕೇಳ್ತೈತಿ ಅಂತಾರ. ಏನಿದ್ರೂ ಬರದು ತೋರಸ್ರಿ” ಎಂದು ಒಂದು ನೋಟ್‌ಬುಕ್ಕು, ಪೆನ್ನು ಕೊಟ್ಟರು.

ಇಮ್ರಾನ್ ನನ್ನ ಮುಖ ನೋಡಿದ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು.

ನಿಂಗಪ್ಪನವರು ಒಳಗಿನ ಕೋಣೆಯಿಂದ ಬಂದರು. ಅರವತ್ತೈದರ ಆಸುಪಾಸಿನ, ಎತ್ತರದ, ನೆಟ್ಟಗೆ ನಿಲ್ಲುವ ಮನುಷ್ಯ. ನಾನು ಬರೆದೆ: ‘ನಾನು ಗುಂಪಿನ ಅಡ್ಮಿನ್. ಮೊನ್ನೆ ಐರಣಿಗೆ ಹೋಗಿದ್ದೆ. ಗುಡಿ ಹಿಂದಿನ ಬಾವಿ ನೋಡಿದೆ. ಗಂಗವ್ವಜ್ಜಿಯ ಸಂಗತಿ ಕೇಳಿದೆ. ನನ್ನಿಂದ ದೊಡ್ಡ ತಪ್ಪಾಗಿದೆ. ಕ್ಷಮಿಸಿ.’

ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಕಿವಿ ಕೇಳದವರು ಮಾತಾಡುವಂತೆ ಸ್ವಲ್ಪ ಗಟ್ಟಿಯಾಗಿ ಹೇಳಿದರು:

“ಆ ಹಳೇ ಸೈಟಿನ ಖಾತೆ ನನ್ನ ಆಫೀಸಿನ ಈಮೇಲಿನ್ಯಾಗಿತ್ತು. ರಿಟೈರ್ಡ್ ಆದಮ್ಯಾಲೆ ಈಮೇಲ್ ಬಂದ್ ಮಾಡಿದ್ರು. ಅದಕ್ಕ ತೆರೀತಿರಲಿಲ್ಲ.”

ಅದನ್ನು ಯಾಕೆ ಗುಂಪಿನಲ್ಲಿ ಬರೆಯಲಿಲ್ಲ ಎಂದು ಇಮ್ರಾನ್ ಬರೆದು ಕೇಳಿದ.

“ನಂದು ಅಂತ ಹೇಳಿದ್ನೆಲ್ಲಪಾ. ಅಷ್ಟು ಮಂದಿ ಎದುರು ನಿಲ್ಲಿಸಿ ಕೇಳಿದಮ್ಯಾಲೆ, ನನಗ ಕಿವಿ ಕೇಳ್ಸಂಗಿಲ್ಲ, ನನ್ನ ಈಮೇಲ್ ಬಂದ್ ಆಗೇತಿ ಅಂತ ಒಂದೊಂದಾ ಹೇಳ್ಕೋತ ಕುಂದ್ರಾಕ ಮನಸಾಗಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಸಂಶೇ ಬಂದಿದ್ದು ತಪ್ಪಲ್ರೀ ಮೇಡಮ್ಮಾರ. ನನಗೊಬ್ಬಂಗ ಬರದು ಕೇಳಬಹುದಿತ್ತು” ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಹೊಲದ ಗಡಿ ಎಲ್ಲಿ ತಪ್ಪಿದೆ ಎಂದು ತೋರಿಸುವ ರೀತಿಯಲ್ಲಿ ಹೇಳಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಶಾಂತಾ ಚುರುಮುರಿ ತಂದಿಟ್ಟರು. ಮಾತಾಡುತ್ತ ಅವರೇ ಹೇಳಿದರು, ಅಪ್ಪ ಇನ್ನೂ ನಾಲ್ಕು ಊರುಗಳ ಮ್ಯಾಪ್ ಕಟ್ಟಿದ್ದರಂತೆ. ನೌಕರಿಯ ಮೊದಲ ವರ್ಷಗಳಲ್ಲಿ ತಾವು ಅಳೆದ ಊರುಗಳು. ಒಂದೊಂದಕ್ಕೂ ತಿಂಗಳುಗಟ್ಟಲೆ ಕೂತಿದ್ದರಂತೆ. ನಮ್ಮ ಗುಂಪಿಗೆ ಒಂದೊಂದಾಗಿ ಕೊಡಬೇಕೆಂದಿದ್ದರಂತೆ.

“ನೀವು ತಗದು ಹಾಕಿದ ವಾರದಾಗ ಎಲ್ಲಾ ಅಳಿಸಿಬಿಟ್ರು ನೋಡ್ರಿ. ನಾ ಬ್ಯಾಡ ಅಂದೆ. ನೋಡೋರ ಇಲ್ಲಂದ್ರ ಯಾಕ ಬೇಕ ಅಂದ್ರು.”

ಇಮ್ರಾನ್ ಎದ್ದು ಅವರ ಕಂಪ್ಯೂಟರನ್ನು ಒಂದು ಗಂಟೆ ತಡಕಾಡಿದ. ಅಳಿಸಿದ ಫೈಲುಗಳನ್ನು ಮರಳಿ ತರುವುದು ಅವನಿಗೆ ಗೊತ್ತಿರುವ ಕೆಲಸ. ಆದರೆ ಆರು ತಿಂಗಳಾಗಿತ್ತು, ನಡುವೆ ಕಂಪ್ಯೂಟರ್ ಕೆಟ್ಟು ಹಾರ್ಡ್ ಡಿಸ್ಕ್ ಬದಲಿಸಿದ್ದರು. ಏನೂ ಸಿಗಲಿಲ್ಲ. ನಿಂಗಪ್ಪನವರು ಅವನ ಹಿಂದೆ ನಿಂತು ನೋಡುತ್ತಿದ್ದರು. ಕೊನೆಗೆ ಅವನ ಬೆನ್ನು ತಟ್ಟಿ, “ಸಾಕು ಬಿಡಪಾ” ಎಂದರು.

ಗುಂಪಿಗೆ ವಾಪಸು ಬರಬೇಕು ಎಂದು ಬರೆದು ಕೇಳಿದೆ. ನೋಡೋಣ ಎಂದರು. ಮತ್ತೇನು ಮಾಡಲಿ ಎಂದು ಕೇಳಿದೆ. “ಎಲ್ಲಿ ಕೇಳಿದ್ರಿ, ಅಲ್ಲೇ ಹೇಳ್ರಿ” ಎಂದರು.

ಮರುದಿನ ಭಾನುವಾರ ನಾಲ್ಕು ಗಂಟೆಗೆ ನಡೆದದ್ದೆಲ್ಲವನ್ನೂ ಗುಂಪಿನಲ್ಲಿ ಬರೆದೆ. ತಪ್ಪು ನನ್ನದು ಎಂದೂ ಬರೆದೆ. ಕಿವಿಯ ವಿಷಯವನ್ನು ಮಾತ್ರ ಬರೆಯಲಿಲ್ಲ, ಅದು ಅವರು ಹೇಳಬೇಕಾದದ್ದು. ನಾಯಕಿಯೇ ಹೀಗೆ ಮಾಡಿದರೆ ಹೇಗೆ ಎಂದು ಕೆಲವರು ಗುಂಪು ಬಿಟ್ಟರು. ಅಡ್ಮಿನ್ ಸ್ಥಾನ ಬಿಡುತ್ತೇನೆ ಎಂದೆ. ಬೇಡ ಎಂದು ಉಳಿದವರು ಹೇಳಿದರು. ಅಂದಿನಿಂದ ಫೋನಿನ ಮಾತುಕತೆ ನಿಂತಿತು, ಈಗ ಎಲ್ಲವೂ ಬರವಣಿಗೆಯಲ್ಲೇ. ಯಾರ ಮೇಲಾದರೂ ಅನುಮಾನ ಬಂದರೆ ಮೊದಲು ಅವರೊಬ್ಬರಿಗೇ ಬರೆದು ಕೇಳುತ್ತೇವೆ.

ಎರಡು ತಿಂಗಳ ನಂತರ ನಿಂಗಪ್ಪನವರು ಗುಂಪಿಗೆ ಬಂದರು. ತಮ್ಮ ಕಿವಿಯ ವಿಷಯವನ್ನು ತಾವೇ ಒಂದು ಸಾಲಿನಲ್ಲಿ ಬರೆದರು. ಹೊಸಬರಿಗೆ ಹೊಳೆ, ಹಾದಿ, ಗಡಿ ಹಾಕುವುದನ್ನು ಈಗ ಅವರೇ ಕಲಿಸುತ್ತಾರೆ. ನನ್ನನ್ನು ಇಂದಿಗೂ ಮೇಡಮ್ಮಾರ ಎಂದೇ ಕರೆಯುತ್ತಾರೆ. ನಾನೂ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದಿಲ್ಲ.

ಕಳೆದ ವರ್ಷ ಒಮ್ಮೆ ಅವರೊಬ್ಬರಿಗೇ ಬರೆದು ಕೇಳಿದೆ, ಆ ನಾಲ್ಕು ಊರುಗಳನ್ನು ಮತ್ತೆ ಕಟ್ಟಬಹುದೇ ಎಂದು. ಉತ್ತರ ಬಂತು: ‘ಅವು ನಾ ಹರೇದಾಗ ಅಳದ ಊರ್ರಿ. ಈಗ ಅಲ್ಲಿ ರಸ್ತೆ ಅಗಲ ಮಾಡ್ಯಾರ, ಮನಿ ಕೆಡವಿ ಹೊಸಾವು ಕಟ್ಟ್ಯಾರ. ಹೋಗಿ ನೋಡಿದ್ರ ತಿಳಿಯಂಗಿಲ್ಲ. ನನ್ನ ತಲ್ಯಾಗಿದ್ದಷ್ಟನ್ನ ಒಮ್ಮೆ ಇಳಿಸಿದ್ದೆ. ಈಗ ಅದೂ ಪೂರ್ತಿ ನೆನಪಿಲ್ಲ.’

ಆ ಊರುಗಳ ಹೆಸರನ್ನಾದರೂ ಕೇಳಬೇಕೆಂದು ಎಷ್ಟೋ ಸಲ ಅನಿಸಿದೆ. ಇನ್ನೂ ಕೇಳಿಲ್ಲ.