ಬೇನೆ ಇಲ್ಲದವರ ಸಾಲಿಗೆ ಕೊಟ್ಟ ರಕ್ತ

ಬರೋಡಾದ ಮಾಂಜಲ್‌ಪುರದಲ್ಲಿ ನಾವು ತಾಯಿ ಮಗಳು ಇಬ್ಬರೇ ಇದ್ದೆವು. ರೈಲ್ವೆಯಲ್ಲಿದ್ದ ನನ್ನ ಗಂಡ ಬಿ.ಪಿ. ಏರಿ, ಊಟದ ತಾಟಿನ ಮುಂದೆ ಕೂತವರು ಹಾಗೇ ಪಕ್ಕಕ್ಕೆ ಬಿದ್ದು ತೀರಿಕೊಂಡಿದ್ದರು. ಅದರ ಹಿಂದಿನ ವಾರವಷ್ಟೇ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಏನೂ ಇಲ್ಲ ಹೋಗಿ ಎಂದಿದ್ದರು.

ಮಗಳು ಲ್ಯಾಬಿನಲ್ಲಿ ಬಿ.ಪಿ. ಇದ್ದವರ ರಕ್ತ ತಂದು, ಅದರ ಜೀವಂತ ಕಣಗಳೊಳಗೆ ಕ್ಯಾಲ್ಸಿಯಂ ಎಷ್ಟಿದೆ ಎಂದು ಅಳೆಯುತ್ತಿದ್ದಳು. ಅವರಲ್ಲಿ ಅದು ಹೆಚ್ಚು ಎಂದು ತೋರಿಸುವುದೇ ಅವಳ ಪಿಎಚ್.ಡಿ. ನನಗೆ ಗೊತ್ತಿದ್ದದ್ದು ಎಲೆಗೆ ಹಚ್ಚುವ ಸುಣ್ಣ ಅಷ್ಟೇ. ಹೋಲಿಸಿ ನೋಡಲು ಬೇನೆ ಇಲ್ಲದವರ ರಕ್ತವೂ ಬೇಕಂತೆ. ಒಂದು ಬೇಸಿಗೆಯಲ್ಲಿ ಕೊಡುವವರು ಯಾರೂ ಸಿಗಲಿಲ್ಲ.

"ಅವ್ವಾ, ನಿನಗೇನೂ ಬ್ಯಾನಿ ಇಲ್ಲಲ್ಲ. ನೀನ ಬಾ."

"ಈ ಮುದುಕಿ ಮೈಯಾಗ ರಕ್ತ ಎಲ್ಲೈತಿ? ಬರೇ ಚಾ ಐತಿ," ಎನ್ನುತ್ತಲೇ ಹೋಗಿ ತೋಳು ಚಾಚಿದೆ.

ಸಂಜೆ ನಾನು ಊಟಕ್ಕೆ ಕೂತಾಗ ಅವಳು ಮನೆಗೆ ಬಂದು, ಚೀಲ ಇಳಿಸದೆ ನಿಂತಳು.

"ಏನಾತ?"

"ಏನಿಲ್ಲ."

"ಮಾರಿ ನೋಡಿದ್ರ ಗೊತ್ತಾಗ್ತೈತಿ. ಹೇಳ."

"ನಿನ್ನ ಕ್ಯಾಲ್ಸಿಯಂ ಜಾಸ್ತಿ ಬಂದೈತಿ ಅವ್ವಾ. ಬ್ಯಾನಿಯವರಕಿಂತ ಜಾಸ್ತಿ."

ಮುಂದಿದ್ದ ತಾಟನ್ನು ದೂರ ಸರಿಸಿದೆ.

ಅವಳು ಬಿಡಿಸಿ ಹೇಳಿದಳು. ಕಣಗಳಿಗೆ ಒಂದು ಬಣ್ಣ ಕುಡಿಸುತ್ತಾರೆ. ಕ್ಯಾಲ್ಸಿಯಂ ಸಿಕ್ಕರೆ ಅದು ಹೊಳೆಯುತ್ತದೆ. ಕಣದ ಒಳಗೆ ಕ್ಯಾಲ್ಸಿಯಂ ಇರುವುದು ಚೂರು, ಹೊರಗಿನ ನೀರಿನಲ್ಲಿ ಅದರ ಸಾವಿರಾರು ಪಟ್ಟು. ಸೆಕೆಗೆ ಬಣ್ಣ ಹೊರಗೆ ಸೋರಿದರೆ ಹೊರಗಿನದೇ ಹೊಳೆದು ಲೆಕ್ಕ ಕೆಡುತ್ತದೆ.

"ಬಣ್ಣ ಬಿಡೋ ಸೀರಿ ನೆನಸಿದಂಗ ಅವ್ವಾ. ಆ ಕೆಂಪು ಬಣ್ಣ ಬಕೀಟಿನ ನೀರಿಂದೋ ಸೀರಿದೋ, ಮಷೀನಿಗೆ ತಿಳಿಯಂಗಿಲ್ಲ."

"ಹಂಗಾರ ನನಗೇನೂ ಇಲ್ಲ?"

"ಸೋರಿದ್ರ ನೀ ಚಲೋ ಇದ್ದೀ." ಚೀಲ ಕೆಳಗಿಟ್ಟು ಅಂದಳು, "ಆದ್ರ ಬ್ಯಾನಿಯವರೆಲ್ಲಾರದ್ದೂ ಹಿಂಗ ಸೋರಿದ್ರ?"

ಆಗ ತಿಳಿಯಿತು. ಸೋರಿದ್ದರೆ ಅವಳ ವರ್ಷಗಟ್ಟಲೆಯ ದುಡಿತ ನೀರುಪಾಲು. ಸೋರಿರದಿದ್ದರೆ ನಾನು ಗಂಡನ ಹಾದಿ. ದೇವರ ಮುಂದೆ ದೀಪ ಹಚ್ಚಿದೆ, ಏನು ಬೇಡಬೇಕೋ ತಿಳಿಯದೆ ಎದ್ದು ಬಂದೆ.

ಬೆಳಿಗ್ಗೆ ಮತ್ತೆ ರಕ್ತ ಕೊಟ್ಟೆ. ಮಷೀನಿರುವುದು ಕತ್ತಲ ಕೋಣೆಯಲ್ಲಿ. ಅವಳು ಒಳಗೆ ಹೋದಳು, ನಾನು ಹೊರಗೆ ಸ್ಟೂಲಿನ ಮೇಲೆ ಕೂತೆ. ಹೊರಗೆ ಸೋರಿದ ಬಣ್ಣದ ಹೊಳಪನ್ನಷ್ಟೇ ಆರಿಸುವ ಮದ್ದೊಂದಿದೆಯಂತೆ, ಅದನ್ನು ಹಾಕಿ ನೋಡುತ್ತೇನೆ ಎಂದಿದ್ದಳು. ಮಷೀನಿನ ಮುಳ್ಳು ಹೊಳಪಿನ ಲೆಕ್ಕವನ್ನು ಕಾಗದದ ಮೇಲೆ ಗೆರೆಯಾಗಿ ಕರಕರ ಗೀಚುವುದು ಹೊರಗೆ ಕೇಳುತ್ತಿತ್ತು. ನಡುವೆ ಕರೆಂಟು ಹೋದೀತು ಎಂದು ಅದಕ್ಕೂ ಅಂಜಿದೆ.

ಸದ್ದು ನಿಂತಿತು. ಅವಳು ಹೊರಗೆ ಬಂದಳು.

"ಮದ್ದು ಹಾಕಿದ್ದ ತಡ, ಗೆರಿ ಸರ್ ಅಂತ ಕೆಳಗ ಬಿತ್ತು ಅವ್ವಾ. ಬರೇ ಸೋರಿದ್ದು. ನೀ ಚಲೋ ಇದ್ದೀ."

ಹಾಗೆಂದವಳ ಮುಖದಲ್ಲಿ ರಕ್ತವಿರಲಿಲ್ಲ. ಆ ದಿನ ತಂದಿದ್ದ ಬೇನೆಯವರ ರಕ್ತ ಒಳಗೆ ಕಾಯುತ್ತಿತ್ತು. ಅದಕ್ಕೂ ಆ ಮದ್ದು ಹಾಕಿ ನೋಡಬೇಕು, ಅದೂ ಕೆಳಗೆ ಬಿದ್ದರೆ ಅವಳ ದುಡಿತವೆಲ್ಲ ಹೋದಂತೆ. ಅವಳು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತೇ ಇದ್ದಳು.

"ಒಳಗ ನಡಿ," ಅಂದೆ. "ಹೊರಗ ನಿಂತ್ರ ಸೋರೂದು ನಿಲ್ಲಂಗಿಲ್ಲ."