ವಿಭೂತಿ ಹಚ್ಚಿಸಿಕೊಂಡ ಪೆಡಲು

ಬೆಳಿಗ್ಗೆ ಆಯುಧಪೂಜೆಗೆಂದು ಸಿಂತಸೈಜರ್ ಒರೆಸುತ್ತಿದ್ದೆ. ಗುಂಡಿಗಳ ಬುಡದಲ್ಲಿ ಕೂತ ಧೂಳನ್ನು ಹತ್ತಿಕಡ್ಡಿಯಿಂದ ಕೆದಕುವಾಗ ಕಡ್ಡಿಯ ತುದಿಗೆ ಕೆಂಪು ಹತ್ತಿತು. ಹಿಂದೆ ಯಾವಾಗಲೋ ಹಚ್ಚಿದ ಕುಂಕುಮ. ಮೂಸಿದರೆ ಸಣ್ಣಗೆ ಊದುಬತ್ತಿಯ ವಾಸನೆ ಕೂಡ. ಒಬ್ಬಳೇ ಕೂತು ನಕ್ಕೆ. ಯಾಕೆ ನಕ್ಕೆ ಅಂತ ಹೇಳದಿದ್ದರೆ ನಿಮಗೂ ಸಮಾಧಾನವಿಲ್ಲ, ನನಗೂ ಇಲ್ಲ.

ಸಿಂತಸೈಜರ್ ಅಂದರೆ ಗಾಬರಿಯಾಗಬೇಡಿ. ಆರ್ಕೆಸ್ಟ್ರಾಗಳಲ್ಲಿ ನೋಡಿರುತ್ತೀರಿ, ಹಾರ್ಮೋನಿಯಮ್ಮಿನ ದೂರದ ನೆಂಟ. ನಾನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ದಿನವಿಡೀ ಬೇರೆಯವರ ತಪ್ಪು ಹುಡುಕುವ ಕೆಲಸ ಮಾಡುವವಳು. ಸಂಜೆ ಸಿಂಗಸಂದ್ರದ ಮನೆಗೆ ಬಂದು ಇದರ ಮುಂದೆ ಕೂತರೆ ತಪ್ಪೆಲ್ಲ ನನ್ನದೇ, ಅದರಲ್ಲೊಂದು ಸುಖವಿದೆ. ನನ್ನನ್ನು ಮರುಳು ಮಾಡಿದ್ದು ಅದರ ಮೈಮೇಲಿನ ಗುಂಡಿಗಳು. ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂದು ನಾವೇ ಹಂಚಿಕೊಡಬಹುದು. ಇದನ್ನು ತಿರುಗಿಸಿದರೆ ದನಿ ಗುಡಿಯೊಳಗೆ ನಿಂತು ಹಾಡಿದಂತಾಗಲಿ, ಅದನ್ನು ತಿರುಗಿಸಿದರೆ ಮರುದನಿ ಏಳಲಿ, ಹೀಗೆ. ಮನೆಯಲ್ಲಿ ನನ್ನ ಮಾತನ್ನು ಮರುಮಾತಿಲ್ಲದೆ ಕೇಳುವುದು ಇದೊಂದೇ ನೋಡಿ.

ನಮ್ಮತ್ತೆ ಹಾವೇರಿ ಕಡೆಯವರು. ಬ್ಯಾಂಕಿನಿಂದ ನಿವೃತ್ತರಾಗಿ ನಮ್ಮ ಜೊತೆ ಇರಲು ಬಂದರು. ಅವರು ವಚನ ಹಾಡಲು ನಿಂತರೆ ಪಕ್ಕದ ಮನೆಯ ಕುಕ್ಕರ್ ಸೀಟಿಯೂ ಕೇಳಿಸುತ್ತಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಭಜನಾ ಮಂಡಳಿಗೆ ಬಂದ ವಾರದಲ್ಲೇ ಮುಖ್ಯ ಗಾಯಕಿಯಾದವರು. ಆಮೇಲೆ ಗಂಟಲಿನ ಆಪರೇಷನ್ ಆಯಿತು. ದನಿ ವಾಪಸು ಬಂತು, ಆದರೆ ಉಸಿರು ಸಾಲದು. ಒಂದು ಸಾಲಿನ ತುದಿ ಮುಟ್ಟುವಷ್ಟರಲ್ಲಿ ಕೊನೆಯ ಅಕ್ಷರ ಎಲ್ಲೋ ಉದುರಿಹೋಗುತ್ತಿತ್ತು.

ಆ ವರ್ಷದ ರಾಜ್ಯೋತ್ಸವಕ್ಕೆ ಯಾರು ಏನು ಹಾಡಬೇಕೆಂದು ಮಾತಾಡುವಾಗ ಮಂಡಳಿಯ ಗಿರಿಜಕ್ಕ ಎಲ್ಲರೆದುರು ಹೇಳಿದರು: "ಅಮ್ಮಾ, ಈ ಸಲ ನೀವು ತಾಳ ಆಕ್ಬಿಡಿ. ಸುಮ್ಕೆ ಗಂಟಲಿಗ್ಯಾಕೆ ತೊಂದ್ರೆ?" ಗಿರಿಜಕ್ಕ ಹಳೇ ಸಿಂಗಸಂದ್ರದವರು, ಮನಸ್ಸಿನಲ್ಲಿ ಒಂದಿಷ್ಟೂ ಕೆಡುಕಿಲ್ಲ. ಅತ್ತೆಯೂ "ಆತು ಬಿಡ್ರಿ" ಎಂದು ನಕ್ಕರು. ಮನೆಗೆ ಬಂದವರೇ ಹೀರೇಕಾಯಿ ಹೆರೆಯುತ್ತಾ ಕೂತರು. ಬೇಕಿದ್ದದ್ದು ಎರಡು, ಬುಟ್ಟಿಯಲ್ಲಿದ್ದ ಅಷ್ಟನ್ನೂ ಹೆರೆದರು. ಈ ಹೆಂಗಸು ಇನ್ನು ಮೇಲೆ ತಾಳ ತಟ್ಟುತ್ತಾ ಕೂರುವುದಾ?

ಆಗ ಹೊಳೆಯಿತು. ಮೈಕನ್ನು ಸಿಂತಸೈಜರಿಗೇ ಸಿಕ್ಕಿಸಬಹುದು. ಸಾಲಿನ ತುದಿಯಲ್ಲಿ ಅತ್ತೆಯ ಉಸಿರು ಮುಗಿದಾಗ ಮರುದನಿಯನ್ನು ಏರಿಸಿದರೆ, ಅವರದೇ ದನಿ ಇನ್ನಷ್ಟು ಹೊತ್ತು ಗಾಳಿಯಲ್ಲಿ ನಿಂತಿರುತ್ತದೆ. ಅಷ್ಟರಲ್ಲಿ ಅವರು ಉಸಿರೆಳೆದುಕೊಳ್ಳಬಹುದು. ನನ್ನ ಎರಡೂ ಕೈ ಅವರ ಹಾಡಿಗೆ ನುಡಿಸುವುದರಲ್ಲಿ ಇರುವುದರಿಂದ ಮರುದನಿಯ ಕೆಲಸವನ್ನು ಕಾಲಿನ ಪೆಡಲಿಗೆ ವಹಿಸಿದೆ. ಮೊದಲ ಸಲ ಮಾಡಿ ನೋಡಿದಾಗ ಅತ್ತೆಯ ಮುಖ ನೋಡಬೇಕಿತ್ತು ನೀವು! ತಮ್ಮ ದನಿಯನ್ನು ತಾವೇ ಕತ್ತೆತ್ತಿ ಹುಡುಕಿದರು. ಆ ವಾರವಿಡೀ ನಾನು ದೊಡ್ಡ ವಿಜ್ಞಾನಿಯ ಹಾಗೆ ಮನೆ ತುಂಬ ಓಡಾಡಿದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅತ್ತೆಯ ಪೂಜೆಯಲ್ಲಿ ತಾರತಮ್ಯವಿಲ್ಲ. ಮಿಕ್ಸಿ, ಲ್ಯಾಪ್‌ಟಾಪು, ಕಾರು, ಇಳಿಗೆಮಣೆ, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಮೇಜಿನ ಕೆಳಗೆ ಬಿದ್ದಿದ್ದ ಪೆಡಲನ್ನೂ ಎತ್ತಿ ತಂದು, ಒರೆಸಿ, ಮೂರು ಬೆರಳಿನ ವಿಭೂತಿ ಎಳೆದರು. ಮರುದಿನ ಅಭ್ಯಾಸಕ್ಕೆ ಕೂತು ನಾನು ಅದರ ಮೇಲೆ ಪಾದ ಇಟ್ಟೆನೋ ಇಲ್ಲವೋ, "ಏ ಏ ಏ! ಕಾಲ ತಗಿ!"

"ಇದು ಇರೋದೇ ತುಳಿಯೋಕೆ ಅತ್ತೆ."

"ಪೂಜಿ ಮಾಡಿದ್ದರ ಮ್ಯಾಲೆ ಕಾಲಿಡ್ತಾರೇನವ್ವಾ?"

"ಕಾರಿಗೂ ಪೂಜೆ ಮಾಡಿದ್ರಿ. ನಿಮ್ಮ ಮಗ ಬ್ರೇಕ್ ತುಳಿಯಲ್ವಾ?"

"ಕಾರು ವಚನ ಹಾಡತೈತೇನು?"

ಬುಸುಗುಟ್ಟುತ್ತಾ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ನಿಜ ಹೇಳಬೇಕೆಂದರೆ ನನಗೂ ಆ ವಿಭೂತಿಯ ಮೇಲೆ ಕಾಲಿಡಲು ಮನಸ್ಸು ಹಿಂಜರಿಯುತ್ತಿತ್ತು. ಆದರೆ ಪೆಡಲು ಬೇಡ ಅಂದರೆ ಮರುದನಿಯನ್ನು ಏರಿಸುವವರು ಯಾರು? ನನಗೇನು ಮೂರನೇ ಕೈ ಇದೆಯೇ ಎಂದು ಗೊಣಗಿದೆ.

"ನನ್ನ ಎರಡೂ ಕೈ ಖಾಲಿನ ಅದಾವಲ್ಲ" ಎಂದರು ಅತ್ತೆ.

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಪೆಡಲಿನಿಂದ ಕೆಲಸ ಕಿತ್ತುಕೊಂಡು ಬಲತುದಿಯ ದೊಡ್ಡ ಗುಂಡಿಗೆ ಕೊಟ್ಟೆ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಸಾಲು ಮುಗಿಯುವಾಗ ಬಲಕ್ಕೆ ತಿರುಗಿಸಬೇಕು, ಮುಂದಿನ ಪದಕ್ಕೆ ಮೊದಲು ಎಡಕ್ಕೆ ತರಬೇಕು. ಮರೆತರೆ ಹಳೆಯ ಪದದ ಮೇಲೆ ಹೊಸ ಪದ ಬಿದ್ದು ಮಾರತ್ತಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕು. ಮೊದಮೊದಲು ಅದೇ ಆಯಿತು. ಅತ್ತೆಗೆ ಗುಂಡಿಯ ರುಚಿ ಹತ್ತಿಬಿಟ್ಟು, ಬಲಕ್ಕೆ ತಿರುಗಿಸಿದ್ದನ್ನು ಎಡಕ್ಕೆ ತರುವ ಮನಸ್ಸೇ ಇಲ್ಲ. ಮನೆಯೊಳಗೆ ಹತ್ತು ಅತ್ತೆಯರು ಒಟ್ಟಿಗೆ ಹಾಡಿದಂತಾಗಿ ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ರಾಜ್ಯೋತ್ಸವದ ಸಂಜೆ ಶಾಮಿಯಾನದ ಕೆಳಗೆ ಅತ್ತೆ ಗುಂಡಿಯ ಮೇಲೆ ಕೈಯಿಟ್ಟು ಹಾಡಲು ಶುರು ಮಾಡಿದರು. ಎತ್ತರದ ಸಾಲು ಬಂತು, ದನಿ ಏರಿತು, ಉಸಿರು ಮುಗಿಯಿತು. ಬೆರಳು ಮೆಲ್ಲಗೆ ತಿರುಗಿತು. ದನಿ ಅಲ್ಲೇ ನಿಂತಿತು ನೋಡಿ, ತುಂಬಿಕೊಂಡು! ಅತ್ತೆ ಎಲ್ಲರೆದುರು ಆರಾಮಾಗಿ ಬಾಯಿ ಮುಚ್ಚಿ, ಮುಗುಳ್ನಕ್ಕು, ಉಸಿರೆಳೆದುಕೊಂಡು, ಗುಂಡಿಯನ್ನು ಹಿಂದಕ್ಕೆ ತಂದು ಮುಂದಿನ ಸಾಲು ಹಿಡಿದರು. ನನ್ನ ಕಣ್ಣು ಮಂಜಾಗಿ ಎರಡು ಸ್ವರ ತಪ್ಪಿದವು.

ಮುಗಿದ ಮೇಲೆ ಗಿರಿಜಕ್ಕ ಓಡಿಬಂದರು. "ಅದೇನಮ್ಮಾ ಅದು, ಬಾಯಿ ಮುಚ್ಚುದ್ರೂ ದನಿ ಬತ್ತಾನೇ ಇತ್ತಲ್ಲ!"

"ನನ್ನ ಉಸಿರು ಸಾಲಲಿಲ್ಲರೀ. ಕರೆಂಟಿಂದು ಸ್ವಲ್ಪ ತಗೊಂಡೆ."

"ನಂಗೂ ವಸಿ ಕೊಡಿ ಮತ್ತೆ!"

ಅಂದಿನಿಂದ ಮಂಡಳಿಯಲ್ಲಿ ಯಾರು ಹಾಡಿದರೂ ಆ ಗುಂಡಿ ಅತ್ತೆಯದು. ಹಾಡುವವರ ಮುಖ ನೋಡಿಯೇ ಉಸಿರು ಎಲ್ಲಿ ಸೋಲುತ್ತದೆ ಎಂದು ತಿಳಿಯುತ್ತಾರೆ. ಪೆಡಲನ್ನು ಆಮೇಲೆ ಇಂದಿಗೂ ಯಾರೂ ತುಳಿದಿಲ್ಲ.

ಇವತ್ತು ಪೂಜೆ ಮುಗಿದು, ಚಿತ್ರಾನ್ನ ಖಾಲಿಯಾಗಿ, ಮಂಡಳಿಯವರೆಲ್ಲ ನಮ್ಮ ಹಾಲ್‌ನಲ್ಲಿ ಅಭ್ಯಾಸಕ್ಕೆ ಕೂತಿದ್ದಾಗ ಅತ್ತೆ ಮೈಕನ್ನು ನನ್ನ ಬಾಯಿಯ ಮುಂದೆ ತಂದಿಟ್ಟರು. ನಾನು ಹಾಡುವವಳಲ್ಲ. ಬಚ್ಚಲಲ್ಲೂ ಹಾಡುವುದಿಲ್ಲ. ನುಡಿಸುತ್ತಾ ಮರೆಯಲ್ಲಿ ಕೂರುವುದೇ ನನಗೆ ಹಿತ. ಹಾಗಂತ ಹೇಳಿಯೂ ಹೇಳಿದೆ.

"ನೀ ಹಾಡವ್ವಾ. ಉಸಿರು ಸೋತ್ರ ನಾ ಅದೀನಿ."

ಹಾಡಿದೆ. ಎರಡನೆಯ ಸಾಲಿನಲ್ಲಿ ಉಸಿರು ಕೈಕೊಟ್ಟಿತು. ಅತ್ತೆಯ ಕಡೆ ನೋಡುವಷ್ಟರಲ್ಲಿ ಅವರ ಬೆರಳು ತಿರುಗಿಯಾಗಿತ್ತು. ನಾನು ಬಾಯಿ ಮುಚ್ಚಿ ಕೂತಿದ್ದೆ, ನನ್ನ ದನಿ ಹಾಲ್ ತುಂಬ ನಿಂತಿತ್ತು. ಇಷ್ಟು ವರ್ಷಕ್ಕೆ ಮೊದಲ ಸಲ ಅದನ್ನು ಕೇಳಿಸಿಕೊಂಡೆ. ಅಷ್ಟೇನೂ ಕೆಟ್ಟದಾಗಿರಲಿಲ್ಲ ಕಣ್ರೀ. ಅತ್ತೆ ಹೂಂ ಎಂದು ತಲೆಯಾಡಿಸಿದರು. ಮೂರನೆಯ ಸಾಲಿಗೆ ಎದೆ ತುಂಬ ಉಸಿರೆಳೆದುಕೊಂಡೆ.